ಸಣ್ಣ ನೋಟುಗಳೇ ಇದ್ದವು

ಫೆಬ್ರವರಿ ೯

ಮಗಳೇ ಪುಟ್ಟೀ,

ನಾನು ನಿಮ್ಮ ಆಸ್ಪತ್ರೆಯ ಮಂಚ ಹಿಡಿದ ಗಳಿಗೆಯಲ್ಲೇ ನಮ್ಮೂರ ಗೋಪುರದ ಗಡಿಯಾರ ನಿಂತುಹೋಯಿತಂತೆ. ಮನೆಗೆ ಬಂದು ಒಂದು ಸಲ ಗಟ್ಟಿಯಾಗಿ ಕೆಮ್ಮಿದೆ ನೋಡು, ತಾನಾಗಿ ನಡೆಯತೊಡಗಿತು. ಇದನ್ನು ನಾನು ಹೇಳುತ್ತಿಲ್ಲ, ಊರೇ ಹೇಳುತ್ತಿದೆ. ಊರಿಗೆ ಹೇಳಿದವರು ಯಾರು ಎಂದು ಮಾತ್ರ ಕೇಳಬೇಡ. ಗಡಿಯಾರ ರಿಪೇರಿಯವರು ಬೀದಿಗೊಬ್ಬರು ಸಿಗುತ್ತಾರೆ. ಗೋಪುರದ ತುದಿಯಿಂದ ಬಿದ್ದು ಒಂದೇ ಕಾಲು ಮುರಿದುಕೊಂಡು ಎದ್ದು ಬಂದವನು ನಾನೊಬ್ಬನೇ.

ಇಲ್ಲಿ ಎಲ್ಲರೂ ಕ್ಷೇಮ, ನನ್ನ ಬಲಗಾಲೊಂದನ್ನು ಬಿಟ್ಟು. ತೊಡೆಯಿಂದ ಪಾದದವರೆಗೆ ನೀವು ಹಾಕಿ ಕಳಿಸಿದ ಪ್ಲಾಸ್ಟರು ಗೋಡೆಯ ಹಾಗೆ ಕೂತಿದೆ. ನಿನ್ನ ಅತ್ತೆ ಅದಕ್ಕೆ ಒರಗಿಕೊಂಡು ಕಾಳು ಆರಿಸುತ್ತಾಳೆ. ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ನಾನು ಅವಳಿಗೆ ಉಪಯೋಗಕ್ಕೆ ಬಂದಿದ್ದೇನಂತೆ.

ನಿನ್ನ ವಾರ್ಡು ಚೆನ್ನಾಗಿದೆ, ಒಪ್ಪಿದೆ. ನೀನು ಹೆಡ್ ಸಿಸ್ಟರ್ ಆಗಿ ಓಡಾಡುವುದನ್ನು ನೋಡಿ ಎದೆ ಉಬ್ಬಿತು. ಆದರೆ ಕರೆದರೆ ಬರುವವರಿಲ್ಲ ಕಣೇ! ಚಮಚದಿಂದ ಮಂಚದ ಕಂಬಿ ಬಡಿಯುವ ಪದ್ಧತಿ ನಾನು ಶುರು ಮಾಡಿದ ಮೇಲೆ ತಾನೇ ನಿನ್ನ ಹುಡುಗಿಯರ ಕಾಲಿಗೆ ಚಕ್ರ ಬಂದದ್ದು? ಆ ಗುಬ್ಬಿ ಸಿಸ್ಟರ್ ಅಂತೂ ಮೊದಲ ಬಡಿತಕ್ಕೇ ಹಾಜರು. ಕುಳ್ಳಗೆ, ಪುಟುಪುಟು ಓಡಾಡುತ್ತಿದ್ದಳಲ್ಲ, ಅವಳಿಗೆ ಆ ಹೆಸರಿಟ್ಟವನು ನಾನೇ. ಸಂಜೆಯೊಳಗೆ ಇಡೀ ವಾರ್ಡು ಹಾಗೇ ಕರೆಯತೊಡಗಿತು.

ಇನ್ನು ಆ ನಲವತ್ತು ಸಾವಿರದ ಮಾತು. ದಿಂಬಿನ ಕೆಳಗೆ ಕರ್ಚೀಪಿನಲ್ಲಿ ಸುತ್ತಿಟ್ಟದ್ದು ಮಾಯವಾದರೂ ನಾನು ಕಣ್ಣೀರು ಹಾಕಿದೆನಾ? ಇಲ್ಲ. ಇಲ್ಲಿ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಬ್ಯಾಂಕಿನ ಮ್ಯಾನೇಜರು ಮನೆಗೇ ಬಂದ. "ಅಷ್ಟು ದೊಡ್ಡ ಮೊತ್ತ ಜೊತೇಲಿ ಇಟ್ಕೋಬಾರದಿತ್ತು ಸಾರ್" ಅಂದ. ಸಾರ್! ಇಷ್ಟು ವರ್ಷ ಅವನ ಗೋಡೆ ಗಡಿಯಾರಕ್ಕೆ ಎಣ್ಣೆ ಬಿಟ್ಟಿದ್ದೇನೆ, "ಏನಯ್ಯಾ" ಬಿಟ್ಟು ಬೇರೆ ಮಾತಿರಲಿಲ್ಲ. ಅಷ್ಟು ಕಳೆದುಕೊಳ್ಳಬಲ್ಲವನ ಹತ್ತಿರ ಇನ್ನೆಷ್ಟಿರಬೇಕು ಎಂದು ಲೆಕ್ಕ ಹಾಕಿದ್ದಾನೆ, ಪಾಪ.

ನನ್ನ ದಿಂಬು ಮುಟ್ಟಿದವಳು ಗುಬ್ಬಿ ಒಬ್ಬಳೇ ತಾನೇ, ಬಾಯಿ ಬಿಟ್ಟಳಾ? ಅವಳ ಬ್ಯಾಗಿನಿಂದ ಹೊರಬಿದ್ದ ಸಾಮಾನು ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ. ಇಲ್ಲಿ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದೇನೆ.

ಇಂತಿ, ಊರಿನ ಕಾಲವನ್ನು ಕೆಮ್ಮಿ ನಡೆಸುವ ನಿನ್ನ
ಮಾವ

*

ಫೆಬ್ರವರಿ ೨೧

ಮಾವ,

ಪ್ಲಾಸ್ಟರಿನೊಳಗೆ ಕೆರೆತ ಬಂದರೆ ಕಡ್ಡಿ, ಚಮಚ ಏನೂ ತೂರಿಸಬೇಡಿ. ಕಾಲಿನ ಬೆರಳು ಆಡಿಸುತ್ತಿರಿ. ಬೆರಳು ನೀಲಿಯಾದರೆ ತಡ ಮಾಡದೆ ಹತ್ತಿರದ ದವಾಖಾನೆಗೆ ಹೋಗಿ. ಇದನ್ನು ಅತ್ತೆಗೂ ಓದಿ ಹೇಳಿ, ನಿಮ್ಮೊಬ್ಬರನ್ನೇ ನಂಬಲಾರೆ. ನೀವು ಬಿದ್ದದ್ದು ಅಡುಗೆಮನೆಯ ಸ್ಟೂಲಿನಿಂದ, ಬಲ್ಬು ಹಾಕುವಾಗ ಎಂದು ಕೇಸ್ ಶೀಟಿನಲ್ಲಿದೆ. ಗೋಪುರ ಊರಿನಲ್ಲೇ ಇರಲಿ.

ನೀವು ಗುಬ್ಬಿ ಎಂದವಳು ಈಗ ವಾರ್ಡಿನಲ್ಲಿಲ್ಲ. ವಿಚಾರಣೆ ಮುಗಿಯುವ ತನಕ ನೆಲಮಾಳಿಗೆಯ ಬಟ್ಟೆ ಕೋಣೆಗೆ ಹಾಕಿದ್ದಾರೆ. ಒಗೆದು ಬಂದ ಹಾಸು, ಹೊದಿಕೆ ಜೋಡಿಸುವ ಕೆಲಸ. ಎದೆಬಡಿತ ನಿಂತವರನ್ನು ಕೈಯಿಂದ ಒತ್ತಿ ಒತ್ತಿ ಬದುಕಿಸಿದ ನರ್ಸು ಅವಳು. ಈಗ ಹರಿದದ್ದು ಬೇರೆ, ಹರಿಯದ್ದು ಬೇರೆ ಮಾಡುತ್ತಿದ್ದಾಳೆ.

ಒಂದು ಮಾತು ಹೇಳಿಬಿಡುತ್ತೇನೆ. ಬೇರೆ ರೋಗಿ ಯಾರಾದರೂ ದೂರಿದ್ದರೆ "ಮೊದಲು ನಿಮ್ಮ ಹಾಸಿಗೆ ಕೊಡವೋಣ" ಎನ್ನುತ್ತಿದ್ದೆ. ದೂರಿದವರು ನೀವು. ನರ್ಸ್ ಕೆಲಸ ಎಂದರೆ ಕಂಡವರ ಹೇಸಿಗೆ ಬಳಿಯುವುದು ಎಂದು ಮನೆಯವರೆಲ್ಲ ಮೂಗು ಮುರಿದಾಗ, "ನಿಮ್ಮ ಹೇಸಿಗೆ ಬಳಿಯೋಕೂ ಒಬ್ಬರು ಬೇಕಾಗ್ತಾರೆ, ಸುಮ್ಮನಿರಿ" ಎಂದು ಗದರಿ ನನ್ನನ್ನು ಓದಿಸಿದವರು. ನಿಮ್ಮ ಮಾತನ್ನು ಅನುಮಾನಿಸಲು ನನಗೆ ನಾಲಿಗೆ ಹೊರಳಲಿಲ್ಲ. ಅದಕ್ಕೇ ಅವಳ ಬ್ಯಾಗನ್ನು ನಾನೇ ತೆರೆದು, ರೋಗಿಗಳೂ ನೋಡಲು ಬಂದವರೂ ಸುತ್ತ ನಿಂತಿರುವಾಗ, ನಿಮ್ಮ ಮಂಚದ ಮೇಲೆ ಸುರುವಿದೆ. ಅರ್ಧ ತಿಂದ ಬ್ರೆಡ್ಡು. ತೂತು ಬಿದ್ದ ಕಾಲುಚೀಲ. ಕಾಗದದಲ್ಲಿ ಸುತ್ತಿದ್ದ ಒಳಬಟ್ಟೆ. ನೀವು "ಏನಮ್ಮಾ, ಅಂಗಡಿ ಇಡೋಕೆ ಹೊರಟಿದ್ದೀಯಾ?" ಅಂದಿರಿ. ವಾರ್ಡೆಲ್ಲ ನಕ್ಕಿತು. ನಾನು ನಗಲಿಲ್ಲ. ನಿಲ್ಲಿಸಲೂ ಇಲ್ಲ.

ಇನ್ನೊಮ್ಮೆ ನೆನಪು ಮಾಡಿಕೊಳ್ಳಿ ಮಾವ. ದಿಂಬಿನ ಕೆಳಗೇ ಇಟ್ಟಿದ್ದಿರಾ? ಅಷ್ಟೇ ಇತ್ತಾ?

ನಿಮ್ಮ
ಪುಟ್ಟಿ

*

ಮಾರ್ಚ್ ೪

ಹೆಡ್ ಸಿಸ್ಟರ್ ಸಾಹೇಬರಿಗೆ,

ಓಹೋ, ಈಗ ನಾನೇ ಕಟಕಟೆ ಹತ್ತಿದೆನಾ! "ಅಷ್ಟೇ ಇತ್ತಾ" ಅಂದರೇನು? ಇನ್ನೂ ಹೆಚ್ಚಿತ್ತು ಎನ್ನಬೇಕಾ? ನಲವತ್ತು ಎಂದು ಹೇಳಿದ್ದೇ ನಿನ್ನ ಮುಖ ನೋಡಿ, ಸಂಕೋಚದಿಂದ. ನಿನ್ನನ್ನು ಎತ್ತಿ ಆಡಿಸಿದ ಕೈ ಇದು. ಆ ಕೈ ಎಣಿಸಿದ್ದನ್ನು ನೀನು ಮರುಎಣಿಕೆ ಮಾಡಿಸುತ್ತೀಯಾ?

ತಮಾಷೆಗೆ ಅಂದ ಮಾತನ್ನು ನೀನು ಕಾಗದದಲ್ಲಿ ಬರೆದು ಕಳಿಸಿದರೆ ಅದು ತಮಾಷೆಯಾಗಿ ಕಾಣುವುದಿಲ್ಲ. ಅದು ಕಾಗದದ ತಪ್ಪು.

ಮೊನ್ನೆ ಪಕ್ಕದ ಮನೆಯ ಗಂಡ ಹೆಂಡತಿ ಬಂದಿದ್ದರು. ಅವರಿಗೆ ಬ್ಯಾಗಿನ ಕಥೆ ಹೇಳುತ್ತಿದ್ದೆ. ಸರಿಯಾಗಿ ಅಂಗಡಿಯ ಮಾತಿಗೆ ಬಂದಾಗ ನಿನ್ನ ಅತ್ತೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಒಳಬಟ್ಟೆ ಯಾಕಿತ್ತು ಅಂತ ಕೇಳಿದ್ರಾ?" ಅಂದಳು.

"ಯಾಕಂತೆ?" ಅಂದೆ.

"ಬೆಳಗಿಂದ ನಿಂತೇ ಇರೋಳು. ಮಧ್ಯದಲ್ಲಿ ಮುಟ್ಟಾದ್ರೆ ಏನು ಮಾಡ್ಬೇಕು? ಮನೆಗೆ ಹೋಗಿ ಬರ್ತೀನಿ ಅಂದ್ರೆ ನಿಮ್ಮ ಚಮಚ ಕಾಯುತ್ತಾ?"

ಪಕ್ಕದ ಮನೆಯಾಕೆ ಟೀ ಲೋಟ ಅರ್ಧಕ್ಕೇ ಇಟ್ಟು ಎದ್ದಳು. ಗಂಡನೂ ಹಿಂದೆಯೇ ಎದ್ದ. ಅಂದಿನಿಂದ ನಾನು ಆ ಕಥೆ ಹೇಳಿಲ್ಲ. ಪುರುಸೊತ್ತಿಲ್ಲ, ಅಷ್ಟೇ. ನೀನು ಬೇರೆ ಅರ್ಥ ಮಾಡಿಕೊಳ್ಳಬೇಡ.

ಮೊಣಕಾಲಿನ ಹತ್ತಿರ ಒಂದೇ ಸಮನೆ ಉರಿ. ನೀವು ಪ್ಲಾಸ್ಟರು ಹಾಕಿದ್ದೇ ಸರಿಯಿಲ್ಲವೋ ಏನೋ. ಅಂದು ಗುಬ್ಬಿಯೂ ಕೇಳಿದ್ದಳು, ಒಳಗೆ ಏನಾದರೂ ತುರುಕಿದ್ದೀರಾ ಎಂದು. ನಾನೇನು ಚಿಕ್ಕ ಮಗುವಾ ಎಂದು ರೇಗಿದ್ದೆ.

ಆ ಬಟ್ಟೆ ಕೋಣೆಗೆ ಕಿಟಕಿ ಇದೆಯಾ? ಸುಮ್ಮನೆ ಕೇಳಿದೆ.

ಮಾವ

*

ಮಾರ್ಚ್ ೧೭

ಮಾವ,

ಇಲ್ಲ. ಕಿಟಕಿ ಇಲ್ಲ.

ವಿಚಾರಣೆ ಆಯಿತು. ಅವಳು ಹೇಳಿದ್ದು ಇಷ್ಟೇ: "ಅವರ ಕರ್ಚೀಪಿನಲ್ಲಿ ಅಷ್ಟು ದುಡ್ಡಿರಲಿಲ್ಲ ಸಾರ್, ಸಣ್ಣ ನೋಟುಗಳೇ ಇದ್ದವು." ಸೂಪರಿಂಟೆಂಡೆಂಟರು ಕನ್ನಡಕ ತೆಗೆದರು. "ರೋಗಿ ಬಿಚ್ಚದೆ ನೀನು ಹೇಗೆ ನೋಡಿದೆ?" ಎಂದರು. ಹಿಂದಿನ ಸಂಜೆ ನೀವೇ ಅವಳ ಮುಂದೆ ಕರ್ಚೀಪು ಬಿಚ್ಚಿ, ಕ್ಯಾಂಟೀನಿನಿಂದ ಟೀ ತರಲು ಒಂದು ನೋಟು ಕೊಟ್ಟಿರಂತೆ. ಟೀ ತರುವುದು ನರ್ಸಿನ ಕೆಲಸವಲ್ಲ. ಆದರೂ ನೀವು ನನ್ನ ಮಾವ ಎಂದು ತಂದಳಂತೆ, ಚಿಲ್ಲರೆಯನ್ನು ಅದೇ ಕರ್ಚೀಪಿಗೆ ಹಾಕಿದಳಂತೆ. ಯಾರೂ ನಂಬಲಿಲ್ಲ. ನಿಜ ಹೇಳಿದ್ದೇ ಅವಳ ಮೇಲೆ ಸಾಕ್ಷಿಯಾಯಿತು. ನೀವು ಬರೆದುಕೊಟ್ಟ ದೂರು ಮೇಜಿನ ಮೇಲಿತ್ತು, ನಿಮ್ಮ ದುಂಡನೆಯ ಅಕ್ಷರದಲ್ಲಿ.

ಈಗ ನನ್ನ ವಾರ್ಡಿಗೆ ಬಂದರೆ ನಿಮಗೆ ಗುರುತು ಸಿಗುವುದಿಲ್ಲ. ಹುಡುಗಿಯರೆಲ್ಲ ಬ್ಯಾಗು ತರುವುದನ್ನು ಬಿಟ್ಟಿದ್ದಾರೆ. ಊಟದ ಡಬ್ಬಿ, ಬಾಚಣಿಗೆ, ಅತ್ತೆ ಹೇಳಿದ ಆ ಬಟ್ಟೆ ಸಹ, ಎಲ್ಲವನ್ನೂ ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ಎಲ್ಲರಿಗೂ ಕಾಣುವಂತೆ ಎದೆಯ ಮುಂದೆ ಹಿಡಿದು ಒಳಗೆ ಬರುತ್ತಾರೆ. ನಾನು ಹೇಳಿದ್ದಲ್ಲ. ಯಾರೂ ಹೇಳಿದ್ದಲ್ಲ. "ಬ್ಯಾಗು ತನ್ನಿ, ಪರವಾಗಿಲ್ಲ" ಎಂದೆ. ಒಬ್ಬಳು, "ಬೇಡ ಬಿಡಿ ಸಿಸ್ಟರ್, ನಿಮಗೆ ಸುರಿಯೋ ತೊಂದರೆ ತಪ್ಪುತ್ತೆ" ಅಂದಳು. ಆ ಮಾತನ್ನು ಇಟ್ಟುಕೊಂಡು ಓಡಾಡುತ್ತಿದ್ದೇನೆ.

ಬಟ್ಟೆ ಕೋಣೆಯವಳ ರಾಜೀನಾಮೆ ನನ್ನ ಮೇಜಿನ ಮೇಲಿದೆ. ಏಪ್ರಿಲ್ ಹತ್ತರೊಳಗೆ ಮೇಲೆ ಕಳಿಸಬೇಕು. ಹೀಗೆ ಹೋದರೆ ಬೇರೆ ಯಾವ ಆಸ್ಪತ್ರೆಯೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ಕಾರಣ ಬರೆಯುವ ಜಾಗದಲ್ಲಿ "ಮನೆಯ ಅನಾನುಕೂಲ" ಎಂದು ಬರೆದಿದ್ದಾಳೆ. ನನ್ನ ಹೆಸರಾಗಲಿ ನಿಮ್ಮ ಹೆಸರಾಗಲಿ ಇಲ್ಲ.

ಪುಟ್ಟಿ

*

ಮಾರ್ಚ್ ೨೪

ಮಗಳೇ,

ನಿನ್ನೆ ಪ್ಲಾಸ್ಟರು ಬಿಚ್ಚಿಸಿದೆ. ನಿಮ್ಮಲ್ಲಿಗೆ ಬರುವಷ್ಟು ಮುಖವಿರಲಿಲ್ಲ, ದೂರವೂ ಆಯಿತು ಎಂದು ಇಲ್ಲಿಯ ಸಣ್ಣ ದವಾಖಾನೆಗೇ ಹೋದೆ. ಅಲ್ಲಿರುವುದು ಒಬ್ಬಳೇ ನರ್ಸು, ನನ್ನ ವಯಸ್ಸಿನಾಕೆ. ಗರಗಸದ ಯಂತ್ರ ಹಿಡಿದು ತೊಡೆಯಿಂದ ಕೆಳಗೆ ಕೊಯ್ದು, ಎರಡು ಹೋಳು ಮಾಡಿ ಬಿಡಿಸಿದಳು. ಮೊಣಕಾಲಿನ ಪಕ್ಕದಲ್ಲಿ, ಚರ್ಮಕ್ಕೆ ಅಂಟಿಕೊಂಡು, ಚಪ್ಪಟೆಯಾಗಿ, ಬೆವರಿಗೆ ಬಣ್ಣ ಬಿಟ್ಟು, ನನ್ನ ಕರ್ಚೀಪು.

ಪುಟ್ಟೀ, ಆಣೆ ಮಾಡಿ ಹೇಳುತ್ತೇನೆ, ಗೊತ್ತಿರಲಿಲ್ಲ. ನೋವಿನ ಇಂಜೆಕ್ಷನ್ ಕೊಟ್ಟಿದ್ದಿರಿ, ಕಣ್ಣು ಎಳೆಯುತ್ತಿತ್ತು. ದಿಂಬಿಗಿಂತ ಪ್ಲಾಸ್ಟರೇ ಭದ್ರ, ಯಾವ ಕಳ್ಳನೂ ಅಲ್ಲಿಗೆ ಕೈ ಹಾಕಲಾರ ಎಂದು ಅರೆನಿದ್ದೆಯಲ್ಲಿ ನಾನೇ ತುರುಕಿರಬೇಕು. ಎಂಥ ಜಾಣ ನಿನ್ನ ಮಾವ! ತನ್ನ ಕಾಲೊಳಗೇ ಕಳವು ಮಾಡಿ ಊರಿನ ಮೇಲೆ ದೂರು ಕೊಟ್ಟವನು.

ಆ ನರ್ಸು ಕರ್ಚೀಪನ್ನು ಚಿಮಟದಿಂದ ಎತ್ತಿ ತಟ್ಟೆಯಲ್ಲಿಟ್ಟಳು. ಬಿಚ್ಚಿ ನೋಡಲಿಲ್ಲ. ಒತ್ತಿ ಒತ್ತಿ ಅಲ್ಲಿ ಹುಣ್ಣಾಗಿತ್ತು, ಕೀವು ತುಂಬಿತ್ತು. ವಾಸನೆಗೆ ನಾನೇ ಮುಖ ತಿರುಗಿಸಿದೆ. ಅವಳು ತಿರುಗಿಸಲಿಲ್ಲ. ತೊಳೆದು, ಔಷಧಿ ಹಾಕಿ, "ಉರಿಯುತ್ತಾ? ಸ್ವಲ್ಪ ತಡ್ಕೊಳ್ಳಿ ಅಣ್ಣಾ" ಅಂದಳು. ನಾನು ಅತ್ತುಬಿಟ್ಟೆ. ಉರಿಗೆ ಎಂದುಕೊಂಡಳು.

ಈಗ ಒಂದು ಉಪಾಯ ಕೇಳು. ದುಡ್ಡು ಸಿಕ್ಕಿತು, ದೂರು ವಾಪಸ್ಸು ಎಂದು ಸೂಪರಿಂಟೆಂಡೆಂಟರಿಗೆ ಒಂದು ಸಾಲು ಬರೆದು ಇದರ ಜೊತೆಗೆ ಇಟ್ಟಿದ್ದೇನೆ. ಎಷ್ಟು, ಎಲ್ಲಿ ಎಂದೆಲ್ಲ ಬೇಡ. ಸಿಕ್ಕಿತು, ಮುಗಿಯಿತು. ಅವಳಿಗೆ ಒಂದು ಡಬ್ಬಿ ಸಿಹಿಯನ್ನೂ ಒಂದು ಚೀಟಿಯನ್ನೂ ಕಳಿಸಿದ್ದೇನೆ. ಯಾರಿಗೂ ಕಾಣದಂತೆ ಕೊಡು. ನಿನ್ನ ಅತ್ತೆ ಬೆಳಗಿನಿಂದ ಒಂದೇ ಮಾತು ಹಿಡಿದುಕೊಂಡಿದ್ದಾಳೆ: "ನಲವತ್ತು ಸಾವಿರ ಅಷ್ಟು ಸಣ್ಣ ಗಂಟಾಗುತ್ತಾ?" ಇವಳ ಬಾಯಿಗೆ ಹೆದರಿ ಅಂಗಡಿಗೆ ಬಂದು ಕೂತು ಬರೆಯುತ್ತಿದ್ದೇನೆ.

ಮೊತ್ತದ ಮಾತು ಮಾತ್ರ ಎತ್ತಬೇಡ ತಾಯಿ. ಬದುಕಿನಲ್ಲಿ ಒಂದೇ ಸಲ ನನ್ನನ್ನು ಸಾರ್ ಅಂದಿದ್ದಾರೆ.

ನಿನ್ನ
ಮಾವ

*

ಮಾರ್ಚ್ ೨೯

ಮಾವ,

ಹುಣ್ಣಿಗೆ ದಿನವೂ ಡ್ರೆಸಿಂಗ್ ಮಾಡಿಸಿ. ಸಕ್ಕರೆ ಕಾಯಿಲೆ ಇದೆಯೇ ಎಂದು ಒಮ್ಮೆ ನೋಡಿಸಿ.

ಸಿಹಿಯ ಡಬ್ಬಿಯನ್ನು ವಾಪಸ್ಸು ಕಳಿಸುತ್ತಿದ್ದೇನೆ. ಅವಳು ಮುಚ್ಚಳ ತೆಗೆಯಲಿಲ್ಲ. ನಿಮ್ಮ ಚೀಟಿಯನ್ನು ಓದಿ ಮಡಿಸಿ ನನ್ನ ಕೈಗೇ ಕೊಟ್ಟಳು. "ದುಡ್ಡು ಸಿಕ್ಕಿದ್ದು ಒಳ್ಳೇದಾಯ್ತು. ಎಷ್ಟಿತ್ತಂತೆ?" ಎಂದು ಕೇಳಿದಳು.

ನಿಮ್ಮ ಒಂದು ಸಾಲು ಓದಿ ಸೂಪರಿಂಟೆಂಡೆಂಟರು ಏನಂದರು ಗೊತ್ತೇ? "ಹೆದರಿ ವಾಪಸ್ಸು ಕೊಟ್ಟಿರಬೇಕು. ಹೋಗಲಿ, ರಾಜೀನಾಮೆ ತಗೊಂಡು ಬಿಟ್ಟುಬಿಡೋಣ" ಅಂದರು. ದುಡ್ಡು ಸಿಕ್ಕಿತು ಎಂದರೆ ಅವಳು ಹೆದರಿದ ಕಳ್ಳಿ ಆಗುತ್ತಾಳೆ. ನಲವತ್ತು ಸಾವಿರ ಸಿಕ್ಕಿತು ಎಂದರೆ ವಿಚಾರಣೆಯಲ್ಲಿ ಸುಳ್ಳು ಹೇಳಿದವಳೂ ಆಗುತ್ತಾಳೆ. ಅವಳು ಅಲ್ಲಿ ಆಡಿದ್ದು ಒಂದೇ ವಾಕ್ಯ. ಅದು ನಿಜ ಎನ್ನಬಲ್ಲವರು ಲೋಕದಲ್ಲಿ ನೀವೊಬ್ಬರೇ.

ನನ್ನ ಪಾಲಿನದು ನಾನು ಮಾಡಿದ್ದೇನೆ. ಹಾಸಿಗೆ ಕೊಡವದೆ, ವಿಚಾರಿಸದೆ, ಜನರ ಮುಂದೆ ಬ್ಯಾಗು ಸುರುವಿದ್ದು ನನ್ನ ತಪ್ಪು ಎಂದು ಬರೆದುಕೊಟ್ಟು, ವಾರ್ಡಿನಲ್ಲಿ ಎಲ್ಲರ ಮುಂದೆ ಅವಳಿಗೆ ಹೇಳಿದೆ. ಹೆಡ್ ಸಿಸ್ಟರ್ ಹುದ್ದೆ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಅವಳು ಕೇಳಿಸಿಕೊಂಡು ಬಟ್ಟೆ ಕೋಣೆಗೆ ಇಳಿದು ಹೋದಳು.

ಅವಳನ್ನು ನೋಡಿ ನಕ್ಕದ್ದು ಇಡೀ ವಾರ್ಡು. ನಿಮ್ಮ ಪಶ್ಚಾತ್ತಾಪಕ್ಕೆ ಮಾತ್ರ ಯಾರೂ ಕಾಣದ ಮೂಲೆ ಬೇಕೇ ಮಾವ?

ಪುಟ್ಟಿ

*

ಏಪ್ರಿಲ್ ೫

ಸಿಸ್ಟರ್ ಅವರಿಗೆ,

ಹೆಡ್ ಸಿಸ್ಟರ ಮಾವ ಮಾಡುವ ನಮಸ್ಕಾರ. ಇದನ್ನು ಮೊದಲು ನಿಮ್ಮ ಕೈಗೆ ಕೊಡಲು ಪುಟ್ಟಿಗೆ ಹೇಳಿದ್ದೇನೆ. ನೀವು ಒಪ್ಪಿದರೆ ಬುಧವಾರ ನಾನೇ ಬಂದು, ಪಾಳಿ ಬದಲಾಗುವ ಹೊತ್ತಿನಲ್ಲಿ, ಎರಡೂ ಪಾಳಿಯವರು ವಾರ್ಡಿನಲ್ಲಿರುವಾಗ ಓದುತ್ತೇನೆ. ಸೂಪರಿಂಟೆಂಡೆಂಟರಿಗೂ ಬರಲು ಬರೆದಿದ್ದೇನೆ. ನಿಮ್ಮನ್ನು ಮತ್ತೆ ಜನರ ಮುಂದೆ ನಿಲ್ಲಿಸುವುದು ಬೇಡ ಎಂದರೆ ನೀವು ಬರಬೇಕಾಗಿಲ್ಲ. ನಿಲ್ಲಬೇಕಾದವನು ನಾನು.

ನಾಲ್ಕನೇ ಕ್ಲಾಸಿನ ಮೇಲೆ ಓದಿದವನಲ್ಲ. ಬಡಾಯಿ ಕೊಚ್ಚುವುದನ್ನು ಬಿಟ್ಟು ಬೇರೆ ರೀತಿ ಬರೆದು ಅಭ್ಯಾಸವಿಲ್ಲ. ನಾಲ್ಕು ಸಲ ಬರೆದೆ. ನಾಲ್ಕರಲ್ಲೂ ನಡುವೆ ಎಲ್ಲೋ ನಾನೇ ಪಾಪದವನಾಗಿ, ಓದಿದವರಿಗೆ ನನ್ನ ಮೇಲೆ ಕನಿಕರ ಬರುವ ಹಾಗಾಗುತ್ತಿತ್ತು. ನನ್ನ ಹೆಂಡತಿ ಓದಿ ನಾಲ್ಕನ್ನೂ ಒಲೆಗೆ ಹಾಕಿದಳು. ಇದು ಐದನೆಯದು.

ನನ್ನ ಪಕ್ಕದ ಮಂಚದಲ್ಲಿ ಒಬ್ಬ ಗುತ್ತಿಗೆದಾರನಿದ್ದ. ಅವನನ್ನು ನೋಡಲು ಜನವೋ ಜನ. ಹಣ್ಣಿನ ಬುಟ್ಟಿಗಳು ನನ್ನ ಮೇಜಿನವರೆಗೂ ಹರಡಿದ್ದವು. ನನ್ನನ್ನು ನೋಡಲು ಬಂದವಳು ನನ್ನ ಹೆಂಡತಿ ಒಬ್ಬಳು, ಬುಟ್ಟಿಯಿಲ್ಲದೆ. ಅಂದು ಸಂಜೆ ಮಾತಿಗೆ ಮಾತು ಬಂದು, ದೊಡ್ಡ ಗಡಿಯಾರದ ಕೆಲಸಕ್ಕೆ ನಲವತ್ತು ಸಾವಿರ ಮುಂಗಡ ಬಂದಿದೆ, ಜೊತೆಯಲ್ಲೇ ಇದೆ ಎಂದು ಅವನಿಗೆ ಹೇಳಿದೆ. ಅವನು ತನ್ನ ಬುಟ್ಟಿಯಿಂದ ಒಂದು ಸೇಬು ತೆಗೆದುಕೊಟ್ಟ. ಬೆಳಿಗ್ಗೆ ನಾನು ದಿಂಬು ತಡಕುವುದನ್ನು ಕಂಡು, "ಏನ್ರೀ, ಆ ನಲವತ್ತು ಸಾವಿರನಾ?" ಎಂದು ಕೂಗಿದ. ಎಲ್ಲರೂ ನನ್ನ ಕಡೆ ತಿರುಗಿದರು. ಅಲ್ಲ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಹೌದು ಎಂದೆ. ಇದ್ದದ್ದನ್ನು ಇದ್ದಷ್ಟೇ ಹೇಳಿದ್ದರೆ ಯಾರೂ ಯಾರ ಬ್ಯಾಗನ್ನೂ ಮುಟ್ಟುತ್ತಿರಲಿಲ್ಲ. ಯಾರೋ ನಕ್ಕು ನನಗೆ ಟೀ ಕುಡಿಸುತ್ತಿದ್ದರು.

ಆಮೇಲೆ ನಿಮ್ಮ ಬ್ಯಾಗು ಸುರಿದಾಗ ನನಗೆ ಗೊತ್ತಿತ್ತು. ಕರ್ಚೀಪು ಎಲ್ಲಿದೆ ಎಂದು ಗೊತ್ತಿರಲಿಲ್ಲ. ಆದರೆ ಅಷ್ಟು ಹಣ ಲೋಕದಲ್ಲೇ ಇಲ್ಲ, ಹಾಗಾಗಿ ಯಾರ ಬ್ಯಾಗಿನಲ್ಲೂ ಇರಲಾರದು ಎಂದು ಆ ವಾರ್ಡಿನಲ್ಲಿ ತಿಳಿದಿದ್ದವರು ನಾವಿಬ್ಬರೇ. ನೀವು ನನ್ನ ಮುಖ ನೋಡಿದಿರಿ. ನಾನು ಹೇಳುತ್ತೇನೆ ಎಂದು ಕಾದಿರಿ. ಆ ನೋಟ ತಡೆಯಲಾರದೆ ನಾನು ಆ ಅಂಗಡಿಯ ಮಾತು ಆಡಿದೆ. ಜನ ನಕ್ಕರು, ನೀವು ತಲೆ ತಗ್ಗಿಸಿದಿರಿ, ನಾನು ಬಚಾವಾದೆ.

ನಿನ್ನೆ ಬ್ಯಾಂಕಿಗೆ ಹೋಗಿ ಮ್ಯಾನೇಜರಿಗೂ ಅಲ್ಲಿ ಕೂತಿದ್ದವರಿಗೂ ಹೇಳಿದೆ. ಪಕ್ಕದ ಮನೆಯವರಿಗೂ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಕ್ಕಿದ್ದರೆ ಚೆನ್ನಾಗಿತ್ತು. ಪಕ್ಕದ ಮನೆಯಾಕೆ, "ಆ ಹುಡುಗಿ ಈಗ ಎಲ್ಲಿದಾಳೆ?" ಎಂದು ಮಾತ್ರ ಕೇಳಿದಳು.

ನೀವು ಆಸ್ಪತ್ರೆಯಲ್ಲಿ ಉಳಿಯಿರಿ ಎಂದು ಬೇಡಲು ನಾನು ಯಾರು? ಉಳಿಯುವುದೂ ಹೋಗುವುದೂ ನಿಮ್ಮ ಇಷ್ಟ. ಹೋದರೂ ಕಳ್ಳಿ ಎನಿಸಿಕೊಂಡು, ಸುಳ್ಳಿ ಎನಿಸಿಕೊಂಡು ಹೋಗಬಾರದು. ಕ್ಷಮಿಸಿ ಎಂಬ ಮಾತನ್ನು ನಾನು ಓದುವಾಗ ಬಾಯಿಂದ ಹೇಳುತ್ತೇನೆ, ಕಾಗದದ ಮೇಲೆ ಅದು ಸುಲಭ. ಇಲ್ಲಿ ನೀವು ಕೇಳಿದ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ವಿಚಾರಣೆಯಲ್ಲಿ ನೀವು ಹೇಳಿದ್ದು ನಿಜ. ನಿಮ್ಮ ಮುಂದೆ ಬಿಚ್ಚಿದವನು ನಾನೇ, ನೀವು ತಂದ ಟೀ ಕುಡಿದವನೂ ನಾನೇ. ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ಒಣಗಿಸಿ, ಒಂದೊಂದೇ ಬಿಡಿಸಿ ಎಣಿಸಿದ್ದೇನೆ.

ನೂರಾ ಎಪ್ಪತ್ತು.

ಇಂತಿ,
ಕಿಟಕಿಯ ಪಕ್ಕದ ಮಂಚದಲ್ಲಿದ್ದ
ಗಡಿಯಾರ ರಿಪೇರಿಯವನು